ಎರಡು ಬಾರಿ ಮರಳಿ ಹಾಡಿದ ಕೋಜಿ ವಾಡಾ

ಅನಿಮೆ ಶುರುವಾಗುವಾಗ ಬರುವ ಹಾಡನ್ನು ನಾವೆಲ್ಲ ಗುನುಗುತ್ತೇವೆ. ಹಾಡಿದವರು ಯಾರೆಂದು ಕೇಳುವವರು ಕಡಿಮೆ. ಜಪಾನಿನ 'ಡಿಜಿಮಾನ್ ಅಡ್ವೆಂಚರ್' ಸರಣಿಯ ಆರಂಭಗೀತೆ 'ಬಟರ್-ಫ್ಲೈ' ಹಾಡಿದವರು ಕೋಜಿ ವಾಡಾ.

ವಾಡಾ 1974ರ ಜನವರಿ 29ರಂದು ಕ್ಯೋಟೋ ಪ್ರಾಂತ್ಯದಲ್ಲಿ ಜನಿಸಿದರು. 1999ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ 'ಬಟರ್-ಫ್ಲೈ' ಗಾಯಕರಾಗಿ ಅವರ ಮೊದಲ ಹಾಡು. ಸಾಹಿತ್ಯ, ಸಂಗೀತ ಎರಡೂ ಹಿಡೆನೋರಿ ಚಿವಾಟಾ ಅವರದು. ಗಟ್ಟಿಯಿಲ್ಲದ ರೆಕ್ಕೆಯಿಂದಲೂ ಹಾರಬಹುದು ಎಂಬ ಭಾವದ ಈ ಹಾಡು ಮಕ್ಕಳಿಗೆ ಅಚ್ಚುಮೆಚ್ಚಾಯಿತು. ಮುಂದಿನ ಡಿಜಿಮಾನ್ ಸರಣಿಗಳ ಆರಂಭಗೀತೆಗಳಿಗೂ ವಾಡಾ ಅವರೇ ದನಿಯಾದರು.

2003ರಲ್ಲಿ ಅವರಿಗೆ ಮೂಗಿನ ಹಿಂದಿನ ಗಂಟಲಿನ ಭಾಗದಲ್ಲಿ ಕ್ಯಾನ್ಸರ್ ಇರುವುದು ತಿಳಿಯಿತು. ಗಂಟಲನ್ನೇ ನಂಬಿದ್ದ ಗಾಯಕನಿಗೆ ಅಲ್ಲೇ ರೋಗ! ಹಾಡುವುದನ್ನು ನಿಲ್ಲಿಸಿ ಚಿಕಿತ್ಸೆ ಪಡೆದರು. ಗುಣಮುಖರಾಗಿ ಬಂದು 2006ರಲ್ಲಿ 'ಡಿಜಿಮಾನ್ ಸೇವರ್ಸ್'ಗೆ ಹಾಡಿದರು. 2011ರಲ್ಲಿ ರೋಗ ಮರುಕಳಿಸಿತು. ಮತ್ತೆ ಮೌನ, ಮತ್ತೆ ಚಿಕಿತ್ಸೆ. 2013ರಲ್ಲಿ ಮತ್ತೆ ವೇದಿಕೆ ಏರಿದರು.

2015ರಲ್ಲಿ ಡಿಜಿಮಾನ್‌ನ ಹಳೆಯ ಪಾತ್ರಗಳು ಹೊಸ ಚಲನಚಿತ್ರದಲ್ಲಿ ಬಂದಾಗ, ವಾಡಾ ಅದೇ 'ಬಟರ್-ಫ್ಲೈ'ಯನ್ನು ಹೊಸದಾಗಿ ಹಾಡಿದರು. ಹದಿನಾರು ವರ್ಷಗಳ ಹಿಂದೆ ಅದನ್ನು ಕೇಳಿದ ಮಕ್ಕಳು ಆಗ ಬೆಳೆದು ದೊಡ್ಡವರಾಗಿದ್ದರು. ಕೆಲವೇ ತಿಂಗಳಲ್ಲಿ, 2016ರ ಏಪ್ರಿಲ್ 3ರಂದು, 42ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಗೆಳೆಯರೇ, ಒಂದು ಪರೀಕ್ಷೆಯಲ್ಲಿ ಎಡವಿದರೆ ಎಲ್ಲವೂ ಮುಗಿಯಿತು ಎಂದು ನಾವು ಕುಗ್ಗುತ್ತೇವೆ. ವಾಡಾ ರೋಗವನ್ನು ಕೊನೆಗೂ ಗೆಲ್ಲಲಿಲ್ಲ. ಆದರೆ ಅದು ಬಿಟ್ಟುಕೊಟ್ಟ ಪ್ರತಿ ಬಿಡುವಿನಲ್ಲೂ ಅವರು ಹಾಡಿದರು.