ನೌಕರಿ ಹೋಯ್ತು, ಗೀಜಗ ಸಿಕ್ತು!
ಗೂಡಿನ ಮುಂದೆ ಕುಳಿತು ಕಲಿತ ಸಲೀಂ ಅಲಿ

ಸೊಲ್ಲಾಪುರ: ಬಾವಿ ಮೇಲೆ ಬಾಗಿದ ಜಾಲಿ ಗಿಡದಲ್ಲಿ ಗೀಜಗನ ಗೂಡು ತೂಗಾಡುವುದನ್ನು ನಮ್ಮ ಕಡೆ ನೋಡದವರು ಯಾರು? ಮರಾಠಿಯಲ್ಲಿ ಇದಕ್ಕೆ ಸುಗರಣ ಅಂತಾರೆ. ಅಂದರೆ ಮನೆಗೆಲಸದಲ್ಲಿ ಜಾಣೆ. ಆದರೆ ಗೂಡು ನೇಯುವುದು ಗಂಡು! ಈ ಹಕ್ಕಿಯ ಸಂಸಾರದ ಲೆಕ್ಕ ಬಿಡಿಸಿದವರು ಡಾ. ಸಲೀಂ ಅಲಿ. ನ.12 ಅವರ ಜನ್ಮದಿನ. ಮಹಾರಾಷ್ಟ್ರದ ಪಕ್ಷಿ ಸಪ್ತಾಹ ಮುಗಿಯುವುದೂ ಅಂದೇ.

1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಸಲೀಂ, ತಿಳಿವಳಿಕೆ ಬರುವ ಮೊದಲೇ ತಂದೆ-ತಾಯಿಯನ್ನು ಕಳೆದುಕೊಂಡರು. ಸಾಕಿದ್ದು ಸೋದರಮಾವ. ಹತ್ತರ ವಯಸ್ಸಿನಲ್ಲಿ ಏರ್‌ಗನ್‌ನಿಂದ ಹೊಡೆದ ಗುಬ್ಬಿಯ ಕತ್ತು ಹಳದಿ ಇತ್ತು. ಇದ್ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಹುಡುಗನಿಗೆ ಹಕ್ಕಿಯ ಹುಚ್ಚು ಹತ್ತಿತು.

ಮುಂದೆ ಬರ್ಮಾದಲ್ಲಿ ಮನೆತನದ ಗಣಿ ವ್ಯವಹಾರ ನೋಡಿದರು. ಮುಂಬೈಗೆ ಮರಳಿ ಅಕೌಂಟ್ಸ್ ಕಲಿತರು. ಪದವಿ ಮಾತ್ರ ಆಗಲಿಲ್ಲ. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿತು. ರಜೆ ಪಡೆದು ಬರ್ಲಿನ್‌ಗೆ ಹೋಗಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಬಂದರೆ, ಹಣವಿಲ್ಲವೆಂದು ಆ ಹುದ್ದೆಯೇ ರದ್ದಾಗಿತ್ತು!

ವಯಸ್ಸು 33. ಸಂಬಳವಿಲ್ಲ. ಪತ್ನಿ ತೆಹ್ಮಿನಾ ಜೊತೆ ಅಲಿಬಾಗ್ ಹತ್ತಿರದ ಕಿಹೀಮ್‌ನ ಮನೆ ಸೇರಿದರು. ಮಳೆಗಾಲ. ಮನೆ ಹತ್ತಿರದ ಗಿಡಗಳಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಬೇರೆ ಕೆಲಸವಿಲ್ಲ, ಸಲೀಂ ದಿನಾ ಅವುಗಳ ಮುಂದೆ ಗಂಟೆಗಟ್ಟಲೆ ಕುಳಿತರು.

ಕಂಡದ್ದಿಷ್ಟು: ಗಂಡು ಅರ್ಧ ಗೂಡು ನೇಯ್ದು ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷಿಸುತ್ತವೆ. ಒಂದು ಒಪ್ಪಿದರೆ ಮಾತ್ರ ಗಂಡು ಉಳಿದರ್ಧ ಮುಗಿಸುತ್ತದೆ. ಅವಳು ಮೊಟ್ಟೆ ಇಟ್ಟು ಕಾವಿಗೆ ಕುಳಿತಳೋ, ಇವನು ಇನ್ನೊಂದು ಗೂಡಿಗೆ ಕೈ ಹಾಕುತ್ತಾನೆ, ಇನ್ನೊಬ್ಬಳಿಗಾಗಿ! 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಇದು ಅಚ್ಚಾದಾಗ ಪಕ್ಷಿ ತಜ್ಞರು ಅವರತ್ತ ತಿರುಗಿ ನೋಡಿದರು.

ಆಮೇಲೆ ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡ ಎಂದು ಸಂಸ್ಥಾನಗಳ ಹಕ್ಕಿ ಸರ್ವೇಗೆ ಹೊರಟರು. ಹೈದರಾಬಾದ್, ತಿರುವಾಂಕೂರು, ಮೈಸೂರು ಸುತ್ತಿದರು. ಅಡವಿಯ ಡೇರೆಗಳಲ್ಲಿ ತೆಹ್ಮಿನಾ ಜೊತೆಗಿರುತ್ತಿದ್ದರು. 1939ರಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಮತ್ತೆ ಮದುವೆಯಾಗಲಿಲ್ಲ, ಕೆಲಸ ನಿಲ್ಲಿಸಲೂ ಇಲ್ಲ. 1940ರಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ. 1941ರಲ್ಲಿ ಭಾರತದ ಹಕ್ಕಿಗಳ ಪುಸ್ತಕ ಬಂತು. ರಿಪ್ಲೆ ಜೊತೆ ಬರೆದ ಕೈಪಿಡಿ 10 ಸಂಪುಟಗಳದ್ದು. ನಮ್ಮ ನಾನ್ನಜ್ ಮಾಳರಾನ ಹೆಸರು ಮಾಡಿದ ಮಾಳಢೋಕ್ ರಾಷ್ಟ್ರಪಕ್ಷಿ ಆಗಲಿ ಎಂಬುದು ಅವರ ಆಸೆಯಾಗಿತ್ತು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು.

1976ರಲ್ಲಿ ಪದ್ಮವಿಭೂಷಣ ಬಂತು. 1987ರ ಜೂನ್ 20ರಂದು, 90ರ ಹರೆಯದಲ್ಲಿ ಮುಂಬೈಯಲ್ಲಿ ನಿಧನರಾದರು.

ಮಳೆಗಾಲದಲ್ಲಿ ಹೊಲದ ಬಾವಿ ಮೇಲೆ ಅರ್ಧ ಗೂಡು ಕಂಡರೆ ಹಾಳು ಗೂಡು ಅಂತ ಹುಡುಗರು ಕಿತ್ತು ತರುತ್ತಾರೆ. ಬೇಡ್ರಿ. ಅದು ಹಾಳಾದದ್ದಲ್ಲ, ಒಪ್ಪಿಗೆಗೆ ಕಾದು ನಿಂತದ್ದು.