ಎರಡಾಣೆಗೂ ಬ್ಯಾಂಕಿನ ಬಾಗಿಲು ತೆರೆದ ವೈದ್ಯ

ಲೆಕ್ಕಪುಸ್ತಕವಿಲ್ಲ, ಅಡವಿಡಲು ಆಸ್ತಿಯಿಲ್ಲ, ಅಂಗಡಿ ಬಿಟ್ಟು ಬ್ಯಾಂಕಿಗೆ ಹೋಗಲು ಬಿಡುವಿಲ್ಲ. ಸಣ್ಣ ವ್ಯಾಪಾರಿಗಳು ಬ್ಯಾಂಕಿನಿಂದ ದೂರ ಉಳಿಯಲು ಇಂದಿಗೂ ಇವೇ ಕಾರಣಗಳು. ಸುಮಾರು ಒಂದು ಶತಮಾನದ ಹಿಂದೆ ಉಡುಪಿಯಲ್ಲಿ ಈ ಸಮಸ್ಯೆಗೆ ಪರಿಹಾರ ಹುಡುಕಿದವರಲ್ಲಿ ಡಾ. ತೋನ್ಸೆ ಮಾಧವ ಅನಂತ ಪೈ ಪ್ರಮುಖರು.

1898ರ ಏಪ್ರಿಲ್ 30ರಂದು ಜನಿಸಿದ ಪೈ ಅವರು ಮದರಾಸಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದು ಉಡುಪಿಯಲ್ಲಿ ವೃತ್ತಿ ಆರಂಭಿಸಿದರು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಕರಾವಳಿಯ ಕೈಮಗ್ಗ ಉದ್ಯಮ ಬಿಕ್ಕಟ್ಟಿಗೆ ಸಿಲುಕಿದ್ದ ಆ ದಿನಗಳಲ್ಲಿ ನೇಕಾರರಿಗೆ ಬಂಡವಾಳವೇ ದುರ್ಲಭವಾಗಿತ್ತು.

1925ರಲ್ಲಿ ಅಣ್ಣ, ಉದ್ಯಮಿ ಉಪೇಂದ್ರ ಅನಂತ ಪೈ ಹಾಗೂ ಎಂಜಿನಿಯರ್ ವಾಮನ ಕುಡ್ವ ಅವರೊಡಗೂಡಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಆರಂಭಿಕ ಬಂಡವಾಳ ಕೇವಲ 8,000 ರೂಪಾಯಿ. ನೇಕಾರರಿಗೆ ನೆರವಾಗುವುದು ಸಂಸ್ಥೆಯ ಮೊದಲ ಗುರಿಗಳಲ್ಲೊಂದಾಗಿತ್ತು.

ಆದರೆ ಸಾಲ ನೀಡಲು ಠೇವಣಿ ಬೇಕು. ಆ ಠೇವಣಿಯನ್ನು ದಿನಗೂಲಿಯವರಿಂದಲೇ ಸಂಗ್ರಹಿಸುವ ಯೋಜನೆ 1928ರಲ್ಲಿ ಜಾರಿಗೆ ಬಂದಿತು. ಅದೇ ಪಿಗ್ಮಿ ಠೇವಣಿ. ಬ್ಯಾಂಕಿನ ಏಜೆಂಟ್ ಪ್ರತಿದಿನ ಮನೆ, ಅಂಗಡಿಗಳಿಗೆ ತೆರಳಿ ಕನಿಷ್ಠ ಎರಡಾಣೆ ಪಡೆಯುತ್ತಿದ್ದರು. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ ಕೂಡುತ್ತಿದ್ದ ಮೊತ್ತ 45 ರೂಪಾಯಿ 10 ಆಣೆ. ಅಂದಿನ ಬಡ ಕುಟುಂಬಕ್ಕೆ ಇದು ಸಣ್ಣ ಮೊತ್ತವಾಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಯಾವ ದಾಖಲೆಯೂ ಇಲ್ಲದ ವ್ಯಾಪಾರಿಗೆ ದಿನನಿತ್ಯದ ಈ ಜಮೆಯೇ ದಾಖಲೆಯಾಯಿತು. ಠೇವಣಿಯ ಆಧಾರದಲ್ಲಿ ಸಾಲ ಪಡೆಯಲೂ ದಾರಿಯಾಯಿತು. ಅದೇ ವರ್ಷ ಬ್ರಹ್ಮಾವರದಲ್ಲಿ ಬ್ಯಾಂಕಿನ ಮೊದಲ ಶಾಖೆ ತೆರೆಯಿತು.

ಪೈ ಅವರ ಆಸಕ್ತಿ ಬ್ಯಾಂಕಿಗೆ ಸೀಮಿತವಾಗಲಿಲ್ಲ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪನೆಯಾದವು. ಬೋಳುಗುಡ್ಡವಾಗಿದ್ದ ಮಣಿಪಾಲ ಶಿಕ್ಷಣ ನಗರವಾಗಿ ಬೆಳೆಯಿತು. 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದ ಸಂಸ್ಥೆ, 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಒಂದಾಯಿತು. 1972ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಪೈ, 1979ರ ಮೇ 29ರಂದು ನಿಧನರಾದರು.

ಪಿಗ್ಮಿ ವ್ಯವಸ್ಥೆಗೆ ಮತ್ತೊಂದು ಮುಖವೂ ಇದೆ. ಅಸಂಘಟಿತರ ಹಣವನ್ನು ಬ್ಯಾಂಕಿಗೆ ತಂದ ಏಜೆಂಟರು ಸ್ವತಃ ಕಮಿಷನ್ ನಂಬಿ ದುಡಿಯುವವರಾಗಿದ್ದರು. ಕಾಯಂ ನೌಕರರ ಸವಲತ್ತು ಅವರಿಗಿರಲಿಲ್ಲ. ದೀರ್ಘ ಕಾನೂನು ಹೋರಾಟದ ಬಳಿಕ 2001ರಲ್ಲಿ ಸುಪ್ರೀಂ ಕೋರ್ಟ್ ಇವರನ್ನು ಕೈಗಾರಿಕಾ ವಿವಾದ ಕಾಯ್ದೆಯಡಿ ಕಾರ್ಮಿಕರೆಂದು ಒಪ್ಪಿಕೊಂಡಿತು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು, ಅದರ ಪ್ರತ್ಯೇಕ ಅಸ್ತಿತ್ವ ಕೊನೆಗೊಂಡಿತು. ಪಿಗ್ಮಿ ಎಂಬ ಪದ ಮಾತ್ರ ರಾಜ್ಯದ ಸಹಕಾರಿ ಸಂಘಗಳಲ್ಲಿ, ಪೇಟೆ ಬೀದಿಗಳಲ್ಲಿ ಇನ್ನೂ ಬಳಕೆಯಲ್ಲಿದೆ. ಸಣ್ಣ ವ್ಯಾಪಾರಿಯನ್ನು ಸಂಘಟಿತ ಆರ್ಥಿಕತೆಗೆ ತರಲು ಯೋಜನೆ ರೂಪಿಸುವವರು, ಬ್ಯಾಂಕೇ ಅವನ ಬಳಿಗೆ ಹೋಗಬೇಕೆಂಬ ಉಡುಪಿಯ ಆ ಹಳೆಯ ಪಾಠವನ್ನು ಗಮನಿಸುವುದು ಒಳಿತು.