ಪ್ಯಾಟ್ರಿಕ್ ಗೆಡೀಸ್ ಮಹಾಶಯರು

ಕೆರೆಯನ್ನು ಮುಚ್ಚಿ ನಿವೇಶನಗಳನ್ನು ಹಂಚುವುದೇ ನಗರಾಭಿವೃದ್ಧಿಯೆಂದು ನಂಬಿರುವ ನಮ್ಮ ಪುರಪ್ರಮುಖರು ಪ್ಯಾಟ್ರಿಕ್ ಗೆಡೀಸರ ಚರಿತ್ರೆಯನ್ನು ಒಮ್ಮೆ ಓದಬೇಕೆಂದು ನಾವು ಬಯಸುತ್ತೇವೆ. ಆಂಗ್ಲ ಪ್ರಭುತ್ವದ ಕಾಲದಲ್ಲಿ ನಮಗೆ ಕಲಿಸಲು ಬಂದವರೇ ಹೆಚ್ಚು. ನಮ್ಮಿಂದ ಕಲಿಯಲು ಒಪ್ಪಿದವರು ವಿರಳ. ಗೆಡೀಸರು ಆ ವಿರಳರಲ್ಲೊಬ್ಬರು.

1854ರಲ್ಲಿ ಸ್ಕಾಟ್ಲೆಂಡಿನಲ್ಲಿ ಸೈನಿಕನೊಬ್ಬನ ಮಗನಾಗಿ ಜನಿಸಿದ ಇವರು ಲಂಡನ್ನಿನಲ್ಲಿ ಹಕ್ಸ್ಲಿ ಪಂಡಿತರ ಬಳಿ ಜೀವಶಾಸ್ತ್ರವನ್ನು ಅಭ್ಯಸಿಸಿದರು. 1879ರಲ್ಲಿ ಮೆಕ್ಸಿಕೋ ದೇಶಕ್ಕೆ ಹೋದಾಗ ಕೆಲವು ಕಾಲ ಕಣ್ಣು ಕಾಣದೆ ಹೋಯಿತು. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕದ ಕೆಲಸ ಮೊದಲಿನಂತೆ ಸಾಗಲಿಲ್ಲ. ಗಿಡಕ್ಕೂ ನೆಲಕ್ಕೂ ಇರುವ ಸಂಬಂಧವನ್ನು ಅರಸುತ್ತಿದ್ದ ಬುದ್ಧಿಯು ಕ್ರಮೇಣ ಮನುಷ್ಯನಿಗೂ ಊರಿಗೂ ಇರುವ ಸಂಬಂಧದ ಕಡೆಗೆ ತಿರುಗಿತು. 1886ರಲ್ಲಿ ವಿವಾಹವಾದ ಮೇಲೆ ಪತ್ನಿ ಆನ್ನಾರವರೊಡನೆ ಎಡಿನ್‌ಬರೋ ನಗರದ ಕೊಳಕು ಕೇರಿಯಲ್ಲಿಯೇ ಮನೆಮಾಡಿ, ನೆರೆಯವರನ್ನು ಕೂಡಿಕೊಂಡು ಗೋಡೆಗಳಿಗೆ ಸುಣ್ಣ ಬಳಿದು ಹೂಗಿಡಗಳನ್ನು ಬೆಳೆಸಿದರು. ಭಾಷಣಕ್ಕಿಂತ ಮೊದಲು ಪೊರಕೆ ಹಿಡಿದವರು!

1914ರಲ್ಲಿ ಮದರಾಸಿನ ಗವರ್ನರ್ ಪೆಂಟ್‌ಲೆಂಡರ ಆಹ್ವಾನದ ಮೇಲೆ ಇವರು ಭರತಖಂಡಕ್ಕೆ ಬಂದರು. ನಗರನಿರ್ಮಾಣದ ಚಿತ್ರಪಟಗಳನ್ನು ಹೊತ್ತಿದ್ದ ಹಡಗನ್ನು ಜರ್ಮನರ ಎಂಡೆನ್ ನೌಕೆಯು ಮುಳುಗಿಸಿತು. ಗೆಡೀಸರು ಎದೆಗುಂದದೆ ಮತ್ತೊಂದು ಸಂಗ್ರಹವನ್ನು ಕೂಡಿಸಿ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನವನ್ನು ನಡೆಸಿಯೇಬಿಟ್ಟರು. ಅನಂತರ ಊರೂರು ತಿರುಗಿ, ಓಣಿಗಳಲ್ಲಿ ಕಾಲ್ನಡಿಗೆಯಿಂದ ಅಲೆದು ವರದಿಗಳನ್ನು ಬರೆದರು. ನೇರವಾದ ಅಗಲ ರಸ್ತೆಗಾಗಿ ಮನೆಗಳ ಸಾಲುಗಳನ್ನೇ ಕೆಡಹುವುದು ಇಂಜಿನಿಯರರ ಪದ್ಧತಿಯಾಗಿತ್ತು. ಇವರಾದರೋ ಬಲ್ಲ ಶಸ್ತ್ರವೈದ್ಯನು ಹುಣ್ಣನ್ನಷ್ಟೇ ಕತ್ತರಿಸುವಂತೆ, ಇಲ್ಲೊಂದು ಪಾಳುಮನೆಯನ್ನು ತೆಗೆದು, ಅಲ್ಲೊಂದು ಮರವನ್ನು ಉಳಿಸಿ, ಬಡವರ ಸೂರಿಗೆ ಆದಷ್ಟು ಕೈಹಚ್ಚದೆ ಗಾಳಿಬೆಳಕಿಗೆ ದಾರಿ ತೋರಿದರು.

ಸೊಳ್ಳೆಗಳ ಭಯದಿಂದ ಕೆರೆಬಾವಿಗಳನ್ನು ಮುಚ್ಚಿಸುತ್ತಿದ್ದ ಆರೋಗ್ಯಾಧಿಕಾರಿಗಳನ್ನು ಅವರು ಬಲವಾಗಿ ವಿರೋಧಿಸಿದರು. ಮೀನುಬಾತುಗಳನ್ನು ಬಿಟ್ಟರೆ ಸೊಳ್ಳೆ ಅಡಗುವುದು. ಕೆರೆಯಿಂದ ಊರಿನ ಗಾಳಿ ತಂಪಾಗುವುದು. ನಲ್ಲಿ ಕೈಕೊಟ್ಟ ದಿನ ಹಳೆಯ ಬಾವಿಯೇ ಪ್ರಾಣವನ್ನು ಉಳಿಸುವುದು ಎಂಬುದು ಅವರ ವಾದ. ಭೂಮಿಯ ತಾಪವೇ ಏರುತ್ತಿರುವ ಈ ಕಾಲದಲ್ಲಿ ಆ ಮಾತಿನ ಬೆಲೆ ತಿಳಿಯುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 2022ರ ಮಳೆಯಲ್ಲಿ ಬಡಾವಣೆಗಳು ಮುಳುಗಿದ ಅದೇ ನಗರವು 2024ರ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯಿತು. 2015ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯನ್ನು ಹೂಡಿದ ಮೇಲೂ ಈ ಗತಿ!

1917ನೆಯ ವರ್ಷ ಗೆಡೀಸರ ಪಾಲಿಗೆ ಕ್ರೂರವಾಯಿತು. ಹಿರಿಯ ಮಗ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಕಲ್ಕತ್ತೆಯಲ್ಲಿ ಹಾಸಿಗೆ ಹಿಡಿದಿದ್ದ ಪತ್ನಿಗೆ ಆ ಸುದ್ದಿಯನ್ನು ತಿಳಿಸಲಾರದೆ ಮನಸ್ಸಿನಲ್ಲಿಯೇ ನುಂಗಿಕೊಂಡರು. ಆಕೆ ತಿಳಿಯದೆಯೇ ತೀರಿಕೊಂಡರು. ಇಂತಹ ದುಃಖವನ್ನು ಹೊತ್ತೇ ಅವರು ಇಂದೂರಿನ ಕೆಲಸಕ್ಕೆ ನಿಂತರು. ಪ್ಲೇಗಿನಿಂದ ನಲುಗಿದ್ದ ಆ ಊರಿನಲ್ಲಿ ದೀಪಾವಳಿಯ ಮೆರವಣಿಗೆಯು ಯಾವ ಬೀದಿಗಳು ಚೊಕ್ಕಟವಾಗಿವೆಯೋ ಅಲ್ಲಿಗೇ ಬರುವುದೆಂದು ಸಾರಿಸಿದರು. ಮನೆಮನೆಯ ಕಸ ಬಂಡಿಗಳಲ್ಲಿ ಹೊರಟಿತು. ಝಾಡಮಾಲಿಗಳು ಶುಭ್ರವಸ್ತ್ರದಲ್ಲಿ ಮರ್ಯಾದೆಯಿಂದ ಮೆರವಣಿಗೆಯಲ್ಲಿ ನಡೆದರು. ಕೊನೆಗೆ ಕೊಳೆಯ ರಾಕ್ಷಸನನ್ನು ಸುಟ್ಟರು. ನೂರು ಸುತ್ತೋಲೆಗಳಿಂದ ಆಗದ ಕೆಲಸವನ್ನು ನಮ್ಮ ಹಬ್ಬವೇ ಮಾಡಿತು. ಇಂದೂರಿನ ವರದಿ 1918ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು.

1919ರಿಂದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ, 1920ರಲ್ಲಿ ಜಗದೀಶಚಂದ್ರ ಬೋಸರ ಚರಿತ್ರೆಯನ್ನು ಬರೆದರು. ಇವರ ಬರವಣಿಗೆ ಕ್ಲಿಷ್ಟ, ಸ್ವಭಾವ ಆತುರದ್ದು, ಅಧಿಕಾರಿಗಳಿಗೆ ಹಿಡಿಸಲಿಲ್ಲ. ವರದಿಗಳಲ್ಲಿ ಹಲವು ಕಚೇರಿಯ ಕಪಾಟುಗಳನ್ನು ಸೇರಿದವು. ಅನಾರೋಗ್ಯದಿಂದ ಫ್ರಾನ್ಸಿನ ಮೊಂಪೆಲಿಯೆಗೆ ತೆರಳಿ, ಅಲ್ಲಿ ತಾವೇ ನೆಟ್ಟ ತೋಟದ ನಡುವೆ ನೆಲಸಿದ್ದು, 1932ರ ಏಪ್ರಿಲಿನಲ್ಲಿ ದಿವಂಗತರಾದರು.